ಹಲ್ಲಿನೊಳಗೆ ನ್ಯಾನೊ, ರಸೀದಿಯಲ್ಲಿ ಮೌನ

ಕಳೆದ ತಿಂಗಳು ಹುಳುಕು ಹಲ್ಲೊಂದನ್ನು ತುಂಬಿಸಿಕೊಳ್ಳಲು ಹೋದಾಗ ನನ್ನ ಮುಂದೆ ಎರಡು ದರಗಳಿದ್ದವು. ಒಂದು ಸಾಮಾನ್ಯ ಕಾಂಪೊಸಿಟ್‌ಗೆ, ಅದಕ್ಕಿಂತ ದುಬಾರಿಯಾದುದು 'ನ್ಯಾನೊ' ಕಾಂಪೊಸಿಟ್‌ಗೆ. ಬಾಯಿ ತೆರೆದು ಒರಗಿದವನು ಚೌಕಾಸಿ ಮಾಡಲಾರ, ದುಬಾರಿಯದನ್ನೇ ಒಪ್ಪಿದೆ. ಮನೆಗೆ ಬಂದು ನೋಡಿದರೆ ರಸೀದಿಯಲ್ಲಿದ್ದುದು 'ದಂತ ಚಿಕಿತ್ಸೆ' ಎಂಬ ಎರಡೇ ಪದ. ಸರ್ಕಾರಿ ಕಡತಗಳ ನಡುವೆ ಆಯುಷ್ಯ ಸವೆಸಿದ ನನಗೆ ಇಂಥ ವೋಚರು ಸುಲಭವಾಗಿ ಪಚನವಾಗದು.

ನ್ಯಾನೊ ಎಂಬುದು ಪೊಳ್ಳು ಪದವೇನಲ್ಲ. ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ರಾಳದಲ್ಲಿ ಬೆರೆಸುವ ಸಿಲಿಕಾ, ಜಿರ್ಕೋನಿಯಾ ಕಣಗಳು ಅಷ್ಟು ಸೂಕ್ಷ್ಮವಾಗಿದ್ದರೆ, ಜಗಿದು ಜಗಿದು ಕಣವೊಂದು ಕಿತ್ತುಹೋದರೂ ಉಳಿಯುವ ಕುಳಿ ಬೆಳಕಿನ ತರಂಗಾಂತರಕ್ಕಿಂತ ಕಿರಿದು. ಆದ್ದರಿಂದಲೇ ಹೊಳಪು ಬೇಗ ಮಾಸುವುದಿಲ್ಲ. ಆದರೆ ಬಾಳಿಕೆ? ರೋಗಿಗಳ ಬಾಯಲ್ಲೇ ವರ್ಷಗಟ್ಟಲೆ ನಡೆದ ಹೋಲಿಕೆಗಳ ಪರಾಮರ್ಶೆಗಳಲ್ಲಿ, ಹಳೆಯ ಹೈಬ್ರಿಡ್ ಕಾಂಪೊಸಿಟ್‌ಗಿಂತ ಇದು ಸ್ಪಷ್ಟವಾಗಿ ಮೇಲೆಂಬುದು ಸಿದ್ಧವಾಗಿಲ್ಲ. ಕೃತಕ ದಂತಪಂಕ್ತಿಯ ಅಕ್ರಿಲಿಕ್‌ಗೆ ಬೆಳ್ಳಿಯ ನ್ಯಾನೊಕಣ ಸೇರಿಸಿದರೆ ಕ್ಯಾಂಡಿಡಾ ಶಿಲೀಂಧ್ರ ತಗ್ಗುವುದು ಪ್ರಯೋಗಾಲಯದಲ್ಲಿ ಕಂಡಿದೆ. ಪ್ರಮಾಣ ಹೆಚ್ಚಿದರೆ ಬಣ್ಣ ಕೆಡುವುದೂ ಕಂಡಿದೆ.

ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು, ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆಯೇ ಕೆಡುತ್ತದೆಂದು ತೋರಿಸಿದರು. ಹಳೆಯ ಕಾರನ್ನಾದರೂ ಒಂದು ಸುತ್ತು ಓಡಿಸಿ ನೋಡಬಹುದು.

ಇದು ಉಳ್ಳವರ ಹೊಳಪಿನ ಪ್ರಶ್ನೆ ಮಾತ್ರವಲ್ಲ. ಬಡವರ ಹಲ್ಲನ್ನು ದಶಕಗಳ ಕಾಲ ಕಾದ ಅಮಾಲ್ಗಂನಲ್ಲಿ ಅರ್ಧದಷ್ಟು ಪಾದರಸ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ಯುರೋಪಿಯನ್ ಒಕ್ಕೂಟ 2025ರ ಜನವರಿಯಿಂದ ಅಮಾಲ್ಗಂ ಬಳಕೆಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟು, ನಿಲ್ಲಿಸಿದೆ. ನಾಳೆ ಎಲ್ಲರ ಬಾಯಿಗೂ ಬರುವುದು ರಾಳ ಮತ್ತು ಕಣಗಳ ಮಿಶ್ರಣಗಳೇ.

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. 2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಇರಲೇಬೇಕು. ಆ ಮಾಹಿತಿ ಚಿಕಿತ್ಸಾಲಯದ ಕಪಾಟಿನವರೆಗೆ ಬಂದು ಅಲ್ಲಿಯೇ ನಿಲ್ಲುತ್ತದೆ. ನಾಳೆ ಯಾವುದೋ ಬ್ಯಾಚನ್ನು ಹಿಂಪಡೆಯಬೇಕಾದರೆ ಅದು ಯಾರ ಬಾಯಲ್ಲಿದೆಯೆಂದು ಹುಡುಕುವವರು ಯಾರು? ಉತ್ಪನ್ನದ ಹೆಸರು ಮತ್ತು ಬ್ಯಾಚ್ ಸಂಖ್ಯೆಯನ್ನು ರಸೀದಿಯಲ್ಲಿ ಬರೆಯುವುದನ್ನು ಕಡ್ಡಾಯಗೊಳಿಸಲು ಹೊಸ ಪ್ರಾಧಿಕಾರ ಬೇಡ, ಅನುದಾನ ಬೇಡ. ಒಂದು ಸಾಲು ಶಾಯಿ ಸಾಕು.

ಮರುದಿನ ಹೋಗಿ ಆ ಒಂದು ಸಾಲನ್ನು ಕೇಳಿದೆ. ವೈದ್ಯರು ಸೌಜನ್ಯದಿಂದಲೇ ಹುಡುಕಿಸಿದರು. ಡಬ್ಬಿ ಹಿಂದಿನ ಸಂಜೆಯೇ ಕಸಕ್ಕೆ ಹೋಗಿತ್ತು.