ನಮ್ಮ ಹೊಗೆಗೆ ನಾವೇ ಹೊಣೆ

2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಗಿತ್ತು. ಊರಿನ ಪಕ್ಕಕ್ಕೇ ಇನ್ನೊಂದು ಬೃಹತ್ ಉಕ್ಕಿನ ಕಾರ್ಖಾನೆ ಬೇಡವೆಂದು ಗವಿಮಠದ ಸ್ವಾಮೀಜಿಯವರೊಂದಿಗೆ ಸಾವಿರಾರು ಜನ ಬೀದಿಗಿಳಿದರು. ಗಿಣಿಗೇರಿ ಸುತ್ತಿನ ಹಳ್ಳಿಗಳಲ್ಲಿ ಬೆಳೆಯ ಮೇಲೆ ಕೂರುವ ಕರಿಬೂದಿ ಕಂಡವರಿಗೆ ಆ ಸಿಟ್ಟಿನ ನ್ಯಾಯ ಗೊತ್ತು. ಆ ಹೋರಾಟ ನಿಲ್ಲಬಾರದು. ಆದರೆ ಚಿಮಣಿಯತ್ತ ಬೆರಳು ಮಾಡುವ ನಾವು, ಯಲಬುರ್ಗಾ ಸೀಮೆಯ ಮಂಗಳೂರಿನವರಿರಲಿ, ಗಂಗಾವತಿ, ಕುಷ್ಟಗಿಯವರಿರಲಿ, ನಮ್ಮ ಕಾರಿನ ಅಡಿಗೂ ಒಮ್ಮೆ ಬಗ್ಗಿ ನೋಡಬೇಕು.

ಅಲ್ಲೊಂದು ಡಬ್ಬಿ ಇದೆ. ಕ್ಯಾಟಲಿಟಿಕ್ ಕನ್ವರ್ಟರ್, ಗ್ಯಾರೇಜಿನವರ ಬಾಯಲ್ಲಿ ಕ್ಯಾಟ್‌ಕಾನ್. ಒಳಗೆ ಜೇನುಹುಟ್ಟಿನಂತೆ ತೂತುತೂತಾದ ಪಿಂಗಾಣಿ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಕಾರ್ಬನ್ ಮೊನಾಕ್ಸೈಡ್, ಪೂರ್ತಿ ಉರಿಯದ ಪೆಟ್ರೋಲಿನ ಆವಿ, ನೈಟ್ರೋಜನ್ ಆಕ್ಸೈಡು ಈ ತೂತುಗಳನ್ನು ಹಾದುಹೋಗುವಾಗ ಬಹುಪಾಲು ವಿಷ ಕಳೆದುಕೊಳ್ಳುತ್ತವೆ. 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದ ಈ ಡಬ್ಬಿ ಇಂದು ನಮ್ಮೂರ ಬೈಕುಗಳಲ್ಲೂ ಇದೆ.

ಇದು ತಾನಾಗಿ ಕೆಡುವುದು ಕಡಿಮೆ. ಕೆಡಿಸುವವರು ನಾವು. ಪ್ಲಗ್ ಸವೆದು ಎಂಜಿನ್ ಮಿಸ್ ಹೊಡೆಯುತ್ತಿದ್ದರೂ ‘ಸುಗ್ಗಿ ಕಳೀಲಿ, ನೋಡೋಣು’ ಎಂದು ಓಡಿಸುತ್ತೇವೆ. ಎಂಜಿನ್ನಿನಲ್ಲಿ ಉರಿಯದ ಪೆಟ್ರೋಲು ಕ್ಯಾಟ್‌ಕಾನಿನೊಳಗೆ ಹೋಗಿ ಉರಿಯುತ್ತದೆ, ಆ ಕಾವಿಗೆ ಪಿಂಗಾಣಿಯೇ ಕರಗಿ ಮುದ್ದೆಯಾಗುತ್ತದೆ. ಬ್ಯಾಟರಿ ಸತ್ತ ಕಾರನ್ನು ಮತ್ತೆ ಮತ್ತೆ ತಳ್ಳಿ ಸ್ಟಾರ್ಟ್ ಮಾಡಿದರೂ ಇದೇ ಗತಿ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಅದರಲ್ಲಿನ ರಂಜಕ ಲೇಪದ ಮೇಲೆ ಪದರು ಕಟ್ಟುತ್ತದೆ. ಸೀಮೆಎಣ್ಣೆ ಬೆರೆತ ಪೆಟ್ರೋಲು ಹಾಕಿದರಂತೂ ಕೇಳುವುದೇ ಬೇಡ. ಹಂಪಿನ ಮೇಲೆ ಹೊಟ್ಟೆ ಬಡಿದು ಪಿಂಗಾಣಿ ಒಡೆದದ್ದೂ ಉಂಟು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಮಿನುಗತೊಡಗಿದರೆ ಅದು ತಕ್ಷಣ ನಿಲ್ಲಿಸು ಎಂಬ ಎಚ್ಚರಿಕೆ. ಅದರ ಮೇಲೆ ಸ್ಟಿಕ್ಕರ್ ಅಂಟಿಸಿ ಮರೆತವರಿದ್ದಾರೆ!

ಇವೆಲ್ಲ ಅಸಡ್ಡೆ. ಅಪರಾಧ ಬೇರೆಯೇ ಇದೆ. ‘ಕಿತ್ತು ಒಗಿರಿ ಅಣ್ಣಾ, ಪಿಕಪ್ ಬರ್ತೈತಿ’ ಎಂಬ ಸಲಹೆ ಕೇಳಿ ಡಬ್ಬಿ ಕೊಯ್ದು ಖಾಲಿ ಪೈಪು ಬೆಸೆಯುವುದು. ಹೊಗೆಯ ಮಿತಿ ಮೀರಿದ ಗಾಡಿ ಓಡಿಸಿದರೆ ಮೂರು ತಿಂಗಳವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿದೆ. ಕಾಯ್ದೆಯ ಭಯ ಬದಿಗಿರಲಿ. ಸಂತೆಯಲ್ಲಿ ನೆಲದ ಮೇಲೆ ಕೂತು ಕಾಯಿಪಲ್ಲೆ ಮಾರುವ ತಾಯಂದಿರ ಮುಖ ನಮ್ಮ ಸೈಲೆನ್ಸರಿನ ಎತ್ತರಕ್ಕೇ ಇರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತ ಶಾಲೆ ಮಕ್ಕಳದೂ ಅಷ್ಟೇ. ಪಿಕಪ್ಪಿಗಾಗಿ ಅವರ ಉಸಿರಿಗೆ ವಿಷ ಬೆರೆಸುವ ಹಕ್ಕು ನಮಗೆ ಯಾರು ಕೊಟ್ಟರು?

ಮೆಕ್ಯಾನಿಕ್ ಬಂಧುಗಳೇ, ಆ ಕೆಲಸಕ್ಕೆ ಬಂದವರನ್ನು ವಾಪಸ್ ಕಳಿಸಿ. ಗಾಡಿ ಇರುವವರೇ, ಈ ವಾರವೇ ಪ್ಲಗ್ ನೋಡಿಸಿ, ಆಯಿಲ್ ಇಳಿಯುತ್ತಿದೆಯೇ ಪರೀಕ್ಷಿಸಿ, ಹೊಗೆ ತಪಾಸಣೆಯನ್ನು ಚೀಟಿಗಾಗಿ ಅಲ್ಲದೆ ನಿಜಕ್ಕೂ ಮಾಡಿಸಿ. ಮುಂದಿನ ಸಲ ಕಾರ್ಖಾನೆಯ ಹೊಗೆಯ ವಿರುದ್ಧ ಧರಣಿಗೆ ಬರುವಾಗ ಕ್ಯಾಟ್‌ಕಾನ್ ನೆಟ್ಟಗಿರುವ ಗಾಡಿಯಲ್ಲೇ ಬನ್ನಿ.