ಒಂದೇ ಮರಳಿನ ಮೇಲೆ ಕೂತಿದ್ದು ಯಾರು?



ನಮ್ಮೂರಿನ ಹಳೇ ಟೆಂಟ್ ಟಾಕೀಸಿನ ನೆನಪಿಗೆ ಸ್ಮರಣ ಸಂಚಿಕೆ ತರ್ತಾರಂತೆ. ವಾಟ್ಸಾಪಲ್ಲಿ ಕರಪತ್ರ ಓಡಾಡ್ತಿದೆ. ಮಾಲೀಕರ ಮನೆತನಕ್ಕೆ ಶಾಲು, ಹಾರ, ಫಲತಾಂಬೂಲ. ಮಾಡ್ಲಿ, ನನಗೇನೂ ಹೊಟ್ಟೆಉರಿ ಇಲ್ಲ. ಆದರೆ ಅದರಲ್ಲಿ ಒಂದು ಸಾಲಿದೆ: "ಜಾತಿಭೇದವಿಲ್ಲದೆ ಊರಿನವರೆಲ್ಲ ಒಂದೇ ಮರಳಿನ ಮೇಲೆ ಕೂತು ಸಿನಿಮಾ ನೋಡಿದ ಸುವರ್ಣ ಕಾಲ."

ಒಂದೇ ಮರಳಾ? ಯಾರು ಕೂತಿದ್ದು ಸ್ವಾಮಿ?

ಮರಳು ಇದ್ದದ್ದು ಮುಂದೆ, ಪರದೆ ಬುಡದಲ್ಲಿ. ಅದು ನೆಲದ ಟಿಕೆಟ್ಟು. ಅದರ ಹಿಂದೆ ಬೆಂಚು, ಬೆಂಚಿನ ಹಿಂದೆ ಕುರ್ಚಿ. ಯಾವುದು ಯಾರಿಗೆ ಅಂತ ಬೋರ್ಡ್ ಹಾಕಿರಲಿಲ್ಲ, ಹಾಕೋ ಅಗತ್ಯವೂ ಇರಲಿಲ್ಲ. ಜಮೀನು ಯಾರ ಹತ್ರ ಇತ್ತೋ ಕುರ್ಚಿಯ ದುಡ್ಡೂ ಅವರ ಹತ್ರವೇ ಇತ್ತು. ನಮ್ಮ ಚಿಕ್ಕಪ್ಪ ಒಂದ್ಸಲ ಗಾರೆ ಕೆಲಸದ ಬಟವಾಡೆ ಸಿಕ್ಕ ಖುಷಿಗೆ ಕುರ್ಚಿ ಟಿಕೆಟ್ ತಗೊಂಡ. ಇದ್ದದ್ದು ಒಂದೇ ಪ್ರೊಜೆಕ್ಟರ್, ರೀಲು ಬದಲಿಸುವಾಗೆಲ್ಲ ಲೈಟ್ ಹಾಕ್ತಿದ್ರು. ಮೊದಲನೇ ಸಲ ಲೈಟ್ ಬಂದಾಗ ಪಕ್ಕದೋರು ತಿರುಗಿ ನೋಡಿದ್ರು. ಎರಡನೇ ಸಲ ಬರೋ ಹೊತ್ತಿಗೆ ಅಕ್ಕಪಕ್ಕದ ಕುರ್ಚಿ ಖಾಲಿ. ಗೇಟಿನವನು ಬಂದು, "ಲೇ, ಮುಂದಕ್ಕೆ ಹೋಗಿ ಕೂತ್ಕೋ, ಮಿಕ್ಕ ದುಡ್ಡು ವಾಪಸ್ ಕೊಡ್ತೀನಿ" ಅಂದ. ಚಿಕ್ಕಪ್ಪ ಮುಂದಕ್ಕೆ ಹೋಗಲಿಲ್ಲ, ಎದ್ದು ಮನೆಗೆ ಬಂದ. ದುಡ್ಡೂ ವಾಪಸ್ ಬರಲಿಲ್ಲ ಅನ್ನಿ.

ಸಂವಿಧಾನದ 15ನೇ ವಿಧಿ ತೆಗೆದು ಓದಿ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಯ ಜೊತೆಗೆ ಸಾರ್ವಜನಿಕ ಮನರಂಜನೆಯ ಜಾಗವನ್ನೂ ಹೆಸರಿಟ್ಟು ಬರೆದಿದ್ದಾರೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲೂ ಅದು ಇದೆ. ಸುಮ್ಮನೆ ಬರೆದರಾ? ಅಮೆರಿಕದ್ದೂ ಇದೇ ಕಥೆ. 1933ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಶುರುವಾದ ಡ್ರೈವ್-ಇನ್ ಥಿಯೇಟರುಗಳನ್ನ, ಅದೇ ಕಾರಲ್ಲೇ ಕೂತು ಸಿನಿಮಾ ನೋಡೋದು, ಅಲ್ಲಿನವರು ಈಗಲೂ ಮುದ್ದಾಗಿ ನೆನೀತಾರೆ. ದಕ್ಷಿಣದ ಎಷ್ಟೋ ಊರಲ್ಲಿ ಕಪ್ಪು ಜನರನ್ನ ಒಳಗೆ ಬಿಡ್ತಿರಲಿಲ್ಲ, ಬಿಟ್ಟರೂ ಬೇರೆ ಜಾಗ. ಸಿನಿಮಾ ಮಂದಿರದಲ್ಲಿ ಭೇದ ಮಾಡಬಾರದು ಅಂತ 1964ರಲ್ಲಿ ಕಾನೂನೇ ತರಬೇಕಾಯ್ತು.

ಹಾಗಂತ ಟೆಂಟು ನಮಗೆ ಬೇಡವಾಗಿತ್ತಾ? ಸುಳ್ಳು ಹೇಳಲಾರೆ. ಸಂಜೆ ಘಂಟಸಾಲರ ವೆಂಕಟೇಶನ ಹಾಡು ಲೌಡ್‌ಸ್ಪೀಕರಲ್ಲಿ ಶುರುವಾದ್ರೆ ಕೇರಿಯ ಮಕ್ಕಳೆಲ್ಲ ಎದ್ದುಬಿದ್ದು ಓಡ್ತಿದ್ವಿ. ಗುಡಿಯೊಳಗೆ ನಮ್ಮನ್ನ ಬಿಡದ ಊರಲ್ಲಿ ದೇವರ ಹಾಡು ಮಾತ್ರ ಕೇರಿತನಕ ಬರ್ತಿತ್ತು! ಲೈಟ್ ಆರಿದ್ರೆ ನಾವೂ ರಾಜ್‌ಕುಮಾರೇ.

ಈಗ ಹೇಳಿ, ಆ ಟೆಂಟು ನಿಂತದ್ದು ಯಾರಿಂದ? ಗುಣಿ ತೋಡಿ ಕಂಬ ನೆಟ್ಟೋರು, ಮರಳು ಹೊತ್ತೋರು, ಹರಿದ ಡೇರೆ ಹೊಲಿದೋರು ಎಲ್ಲ ನಮ್ಮ ಕೇರಿಯೋರು. ನಮ್ಮಪ್ಪ 11 ವರ್ಷ ಮೈದಾ ಅಂಟು ಕಾಯಿಸಿ ಹಳ್ಳಿಹಳ್ಳಿ ಸುತ್ತಿ ಪೋಸ್ಟರ್ ಅಂಟಿಸಿದ್ರು. ಅದೇ ಟೆಂಟಿನ ಪಕ್ಕದ ಅಂಗಡೀಲಿ ಅವರಿಗೆ ಟೀ ಕೊಡ್ತಿದ್ದದ್ದು ತೆಂಗಿನ ಚಿಪ್ಪಲ್ಲಿ. ಕರಪತ್ರದಲ್ಲಿ ಇವರ್ಯಾರ ಹೆಸರೂ ಇಲ್ಲ.

ನಿನ್ನೆ ಸಮಿತಿಗೆ ಪತ್ರ ಕೊಟ್ಟು ಬಂದೆ. ಕೆಲಸ ಮಾಡಿದ 7 ಜನರ ಹೆಸರು ಬರೆದಿದ್ದೀನಿ, ಅವರಲ್ಲಿ ಇಬ್ಬರು ಇನ್ನೂ ಇದ್ದಾರೆ. ಅವರ ಫೋಟೋ ಹಾಕಿ, ವೇದಿಕೆಗೆ ಕರೀರಿ, ಆ "ಒಂದೇ ಮರಳು" ಅನ್ನೋ ಸಾಲು ತೆಗೀರಿ ಅಂತ ಕೇಳಿದ್ದೀನಿ. "ನೋಡೋಣ ಬಿಡಿ" ಅಂದ್ರು. ಆಫೀಸಲ್ಲಿ ಗುಮಾಸ್ತನಾಗಿ 20 ವರ್ಷ ಆಯ್ತು, "ನೋಡೋಣ" ಅಂದ್ರೆ ಏನು ಅಂತ ನನಗೆ ಗೊತ್ತಿಲ್ವಾ? ಪ್ರತಿ ಮೇಲೆ ಸಹಿ ಹಾಕಿಸ್ಕೊಂಡೇ ಬಂದಿದ್ದೀನಿ. ಫೋಟೋ ಕೆಳಗಿದೆ.