ಒಂಬತ್ತು ಓವರುಗಳ ಲೆಕ್ಕ

ಕಳೆದ ವಾರ ನಂದಿಗುಡಿಗೆ ಬಂದಿದ್ದ ಮೊಮ್ಮಗ ಜಗಲಿಯ ಮೇಲೆ ಕುಳಿತು ಮೊಬೈಲಿನಲ್ಲಿ ಏನನ್ನೋ ನೋಡಿ ನಗುತ್ತಿದ್ದ. "ಅಜ್ಜ, ನಮ್ಮ ವಿನಯ್ ಕುಮಾರ್ ಒಂದೇ ಪಂದ್ಯದಲ್ಲಿ ನೂರೆರಡು ರನ್ ಕೊಟ್ಟಿದ್ದನಂತೆ, ಹೌದಾ?" ಎಂದು ಕೇಳಿದ. ಹೌದೆಂದೆ. ಆದರೆ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಅದು 2013ರ ನವೆಂಬರ್ 2, ದೀಪಾವಳಿಯ ಸಮಯ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯ ವಿರುದ್ಧದ ಪಂದ್ಯ. ರೋಹಿತ್ ಶರ್ಮಾ 209 ರನ್ ಹೊಡೆದರು, ಭಾರತ ಗೆದ್ದಿತು. ದಾವಣಗೆರೆಯ ವಿನಯ್ ಕುಮಾರ್ ಮಾತ್ರ 9 ಓವರುಗಳಲ್ಲಿ 102 ರನ್ ತೆತ್ತು ಒಂದು ವಿಕೆಟ್ ಪಡೆದರು. ಆ ರಾತ್ರಿ ಟಿ.ವಿ.ಯ ಮುಂದೆ ಕುಳಿತು ನಕ್ಕವರಲ್ಲಿ ನಾನೂ ಒಬ್ಬ. "ಎಕ್ಸ್‌ಪ್ರೆಸ್ ಅಲ್ಲ, ಗೂಡ್ಸ್ ಗಾಡಿ" ಎಂದು ಹೇಳಿದ್ದೂ ನಾನೇ.

'ದಾವಣಗೆರೆ ಎಕ್ಸ್‌ಪ್ರೆಸ್' ಎಂಬ ಬಿರುದು ಅವರಿಗೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿತೆಂಬುದು ನನ್ನ ಅನಿಸಿಕೆ. ವೇಗ ಅವರ ಬಂಡವಾಳವಾಗಿರಲಿಲ್ಲ. ಹೊಸ ಚೆಂಡನ್ನು ಹೊರಳಿಸುವುದು, ಒಂದೇ ಜಾಗದಲ್ಲಿ ದಿನವಿಡೀ ಎಸೆಯುವುದು, ಬ್ಯಾಟುಗಾರ ತಾಳ್ಮೆಗೆಡುವವರೆಗೂ ತಾವು ತಾಳ್ಮೆಗೆಡದಿರುವುದು ಅವರ ವಿದ್ಯೆ. ಹೋಲಿಸುವುದೇ ಆದರೆ ಹರಿಹರದ ನಿಲ್ದಾಣದಲ್ಲಿ ನಾವು ಕಾಯುತ್ತಿದ್ದ ಪ್ಯಾಸೆಂಜರ್ ಗಾಡಿಗೆ ಹೋಲಿಸಬೇಕು. ಎಲ್ಲ ಊರುಗಳಲ್ಲೂ ನಿಂತು, ಎಲ್ಲರನ್ನೂ ಹತ್ತಿಸಿಕೊಂಡು ಹೋಗುವ ಗಾಡಿ.

ಆ ಬೆಂಗಳೂರಿನ ಪಂದ್ಯವೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಅದಕ್ಕೂ ಮೊದಲು ಆಡಿದ ಟೆಸ್ಟ್ ಒಂದೇ ಒಂದು, 2012ರ ಜನವರಿಯಲ್ಲಿ ಪರ್ತ್‌ನಲ್ಲಿ. ಸಿಕ್ಕಿದ ವಿಕೆಟ್ಟೂ ಒಂದೇ, ಮೈಕಲ್ ಹಸ್ಸಿಯದು. ಹೆಚ್ಚಿನವರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ.

ಮುಚ್ಚಬಾರದು. ನೂರೆರಡು ರನ್ನಿನ ಆ ರಾತ್ರಿಯಾಗಿ ಮೂರು ತಿಂಗಳು ಕಳೆಯುವಷ್ಟರಲ್ಲಿ, 2014ರ ಫೆಬ್ರವರಿಯಲ್ಲಿ, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿದ ಕರ್ನಾಟಕ ತಂಡದ ನಾಯಕ ಇದೇ ವಿನಯ್. 1998-99ರ ನಂತರ ರಣಜಿ ಟ್ರೋಫಿ ನಮ್ಮ ರಾಜ್ಯಕ್ಕೆ ಬಂದದ್ದು ಆಗಲೇ. ಮರುವರ್ಷ ಮುಂಬಯಿಯ ವಾಂಖೆಡೆಯಲ್ಲಿ ತಮಿಳುನಾಡು 134ಕ್ಕೆ ಉರುಳಿತು. ವಿನಯ್ 34 ರನ್ನಿಗೆ 5 ವಿಕೆಟ್ ಕಿತ್ತರು. ಅಷ್ಟಕ್ಕೇ ಸುಮ್ಮನಾಗದೆ ಬ್ಯಾಟು ಹಿಡಿದು ಔಟಾಗದೆ 105 ರನ್ ಗಳಿಸಿದರು. ಆ ಪಂದ್ಯದಲ್ಲಿ ಕರುಣ್ ನಾಯರ್ 328 ಹೊಡೆದದ್ದರಿಂದ ಈ ಶತಕ ಯಾರ ನೆನಪಿಗೂ ಬರುವುದಿಲ್ಲ. 2017ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಮುಂಬಯಿ ವಿರುದ್ಧ ಹ್ಯಾಟ್ರಿಕ್. 2021ರಲ್ಲಿ ನಿವೃತ್ತರಾದಾಗ ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಪಡೆದ ವಿಕೆಟ್ಟುಗಳು 504.

ಇಷ್ಟೂ ಕೆಲಸ ನಡೆದದ್ದು ಬಹುಪಾಲು ಖಾಲಿ ಮೈದಾನಗಳಲ್ಲಿ. ನೋಡಿದವರು ಕಡಿಮೆ. ಆ ಒಂಬತ್ತು ಓವರುಗಳನ್ನು ನೋಡಿದ್ದು ಮಾತ್ರ ಇಡೀ ದೇಶ. ನೋಡಿದ್ದನ್ನಷ್ಟೇ ನಿಜವೆಂದು ನಂಬುವುದು ಸುಲಭ.

ಮೊಮ್ಮಗನಿಗೆ ಇದನ್ನೆಲ್ಲ ಹೇಳಿದೆ. "ಐನೂರಾ?" ಎಂದ. ಮೊಬೈಲನ್ನು ಪಕ್ಕಕ್ಕಿಟ್ಟ.

ನನಗೆ ಮಾತ್ರ ಬೇರೊಬ್ಬ ಹುಡುಗ ನೆನಪಾದ. ಹತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ ಒಂಬತ್ತು ಅಂಕ ತೆಗೆದಿದ್ದ. ಉತ್ತರಪತ್ರಿಕೆಯನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿದೆ, ಎಲ್ಲರೂ ನಕ್ಕರು. ಅದರ ಹಿಂದಿನ ವಾರವೆಲ್ಲ ಅವನ ಮನೆಯಲ್ಲಿ ಭತ್ತದ ಕೊಯ್ಲು ನಡೆದಿತ್ತೆಂಬುದು ನನಗೆ ತಿಳಿದಿತ್ತು. ಅವನು ಮಾರ್ಚಿಯಲ್ಲಿ ಪಾಸಾದ. ಈಗಲೂ ಹರಿಹರದ ಸಂತೆಯಲ್ಲಿ ಎದುರಾದರೆ "ಆರಾಮಿದ್ದೀರಾ ಸಾರ್?" ಎಂದು ವಿಚಾರಿಸುತ್ತಾನೆ, ಕೈಚೀಲವನ್ನು ಬಸ್ಸಿನವರೆಗೂ ಹೊತ್ತು ತರುತ್ತಾನೆ. ಆ ದಿನದ ಮಾತನ್ನು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ. ಮುಂದಿನ ಮಂಗಳವಾರ ಸಂತೆಗೆ ಹೋಗುವುದಿದೆ.